ಕುಲ್ಸುಮ್ ಬೀ ಎತ್ತಿಟ್ಟ ಕಾರ್ಡು

ಚಳ್ಳಕೆರೆಯ ಕುಲ್ಸುಮ್ ಬೀ ಅವರಿಗೆ ಎದೆಯ ಕ್ಯಾನ್ಸರ್ ಗಂಟಿನ ಆಪರೇಷನ್ ಆಗಿ ಎರಡು ವರ್ಷವಾಗುತ್ತಾ ಬಂದಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ, ಸರ್ಕಾರದ ಆಯುಷ್ಮಾನ್ ಕಾರ್ಡಿನಲ್ಲೇ ಎಲ್ಲ ನಡೆದಿತ್ತು. "ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡಿಸಲೇಬೇಕು" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕುಲ್ಸುಮ್ ಬೀ ಒಮ್ಮೆಯೂ ಹೋಗಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಶರೀಫ್ ಸಾಬ್ ಕೇಳಿದಾಗಲೆಲ್ಲ, "ಚೆನ್ನಾಗೇ ಇದೀನಲ್ಲ" ಎಂದು ಮಾತು ತೇಲಿಸಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ಕುಲ್ಸುಮ್ ಬೀ ಜಗಲಿಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಾಗ ಆಶಾ ಕಾರ್ಯಕರ್ತೆ ರೇಣುಕಮ್ಮ ಬಂದರು.

"ಕುಲ್ಸುಮಕ್ಕ, ತಪಾಸಣೆಗೆ ಹೋಗಿದ್ರಾ?"

"ನೋವಿಲ್ಲ, ಗಂಟಿಲ್ಲ. ಸುಮ್ನೆ ಯಾಕ್ ಹೋಗ್ಲಿ?"

"ನೋವು ಬರೋಕ್ ಮುಂಚೇನೇ ನೋಡೋದಲ್ವಾ ತಪಾಸಣೆ ಅಂದ್ರೆ? ಕಾರ್ಡ್ ಎಲ್ಲೈತೆ?"

ಕುಲ್ಸುಮ್ ಬೀ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಒಳಗೆ ಗಂಡ ಮಿಲ್ಲಿಗೆ ಹೊರಡುತ್ತಿದ್ದರು. ಅವರಿಗೆ ಕೇಳಿಸದಂತೆ ಕುಲ್ಸುಮ್ ಬೀ ದನಿ ತಗ್ಗಿಸಿದರು.

"ಎತ್ತಿಟ್ಟಿದೀನಿ. ಇವರಿಗೆ ಒಂದೊಂದ್ಸಲ ಎದೆ ಹಿಡ್ಕೊಂಡಂಗಾಗ್ತೈತೆ. ಕಾರ್ಡನ್ನ ನಾನು ಒಂದ್ಸಲ ಬಳಸಿ ಆಗೈತೆ. ಅದ್ರಲ್ಲಿ ಉಳಿದಿರೋ ದುಡ್ಡನ್ನೂ ನಾನೇ ಮುಗಿಸಿಬಿಟ್ರೆ ಇವರಿಗೆ ಏನ್ ಗತಿ ರೇಣುಕಮ್ಮ?"

ರೇಣುಕಮ್ಮ ಅಲ್ಲೇ ಪಕ್ಕದಲ್ಲಿ ಕೂತರು. "ಅಯ್ಯೋ ಅಕ್ಕ, ಇಷ್ಟು ದಿನ ಇದನ್ನ ಒಬ್ರೇ ಹೊಟ್ಟೇಲಿಟ್ಕೊಂಡಿದ್ರಾ? ಮನೆಮಂದಿಗೆಲ್ಲ ಸೇರಿ ವರ್ಷಕ್ಕಿಷ್ಟು ದುಡ್ಡು ಅಂತ ಐತೆ. ವರ್ಷ ತಿರುಗಿದ್ರೆ ಮತ್ತೆ ಹೊಸದಾಗಿ ಸಿಗ್ತೈತೆ. ನೀವು ಬಳಸ್ದೆ ಬಿಟ್ರೆ ಅದೇನು ಅವರ ಲೆಕ್ಕಕ್ಕೆ ಜಮಾ ಆಗಲ್ಲ."

ಶರೀಫ್ ಸಾಬ್ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿತ್ತು. ಕೈಯಲ್ಲಿದ್ದ ಬುತ್ತಿಯನ್ನು ಕೆಳಗಿಟ್ಟು ಹೊರಗೆ ಬಂದರು.

"ಏಳು, ಇವತ್ತು ಮಿಲ್ಲಿಗೆ ರಜಾ," ಎಂದರು. "ಇಬ್ರೂ ತೋರಿಸ್ಕೊಂಡು ಬರೋಣ."

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಇಬ್ಬರನ್ನೂ ನೋಡಿದರು. ಶರೀಫ್ ಸಾಬರ ಇ.ಸಿ.ಜಿ. ಸರಿಯಿತ್ತು, ಬಿ.ಪಿ. ಹೆಚ್ಚಿತ್ತು, ಮಾತ್ರೆ ಶುರುವಾಯಿತು. ಕುಲ್ಸುಮ್ ಬೀಗೆ ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಆಯುಷ್ಮಾನ್ ಯೋಜನೆಯ ಕೌಂಟರಿನಲ್ಲಿ ರೋಗಿಗಳಿಗೆ ನೆರವಾಗಲು ಕೂತಿದ್ದ ಆರೋಗ್ಯ ಮಿತ್ರ ಕಾರ್ಡು ನೋಡಿ, ಯಾವ ಪರೀಕ್ಷೆ ಯೋಜನೆಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೊದಲೇ ತಿಳಿಸಿದರು.

ಪರೀಕ್ಷೆ ಮಾಡಿದಾಗ ಇನ್ನೊಂದು ಕಡೆಯ ಎದೆಯಲ್ಲಿ ಹೆಸರುಕಾಳಿನಷ್ಟು ಗಂಟು ಸಿಕ್ಕಿತು. ಕೈಗೆ ತಿಳಿಯುವಂಥದ್ದಲ್ಲ. ಕುಲ್ಸುಮ್ ಬೀ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟರು.

"ಧೈರ್ಯವಾಗಿರಿ ಅಮ್ಮ," ಎಂದರು ಡಾಕ್ಟರು. "ಚಿಕ್ಕದಿರುವಾಗಲೇ ಸಿಕ್ಕಿದೆ. ಇದನ್ನ ವಾಸಿ ಮಾಡಬಹುದು."

ಅದೇ ಕಾರ್ಡಿನಲ್ಲಿ ಚಿಕಿತ್ಸೆಯಾಯಿತು. ಈಗ ಕುಲ್ಸುಮ್ ಬೀ ಗುಣವಾಗಿದ್ದಾರೆ. ಮುಂದಿನ ತಪಾಸಣೆಯ ತಾರೀಕನ್ನು ಶರೀಫ್ ಸಾಬ್ ತಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, "ಮತ್ತೆ ಬನ್ನಿ" ಎಂದು ಡಾಕ್ಟರು ಬರೆದ ಚೀಟಿ ನಿಮ್ಮ ಮನೆಯಲ್ಲೂ ಇರಬಹುದು. ಇವತ್ತೇ ತೆಗೆದು ತಾರೀಕು ನೋಡಿ. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಆಧಾರ್, ಹಳೆಯ ರಿಪೋರ್ಟು ಹಿಡಿದು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗೊತ್ತಾಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯವರಿಗೆ ನೀವು ಬೇಕು, ಹೋಗಿ ಬನ್ನಿ.