ಸಾರ್ ಬಂದಿದಾರೆ

ಮೊದಲ ದಿನ ನಾನು ಕ್ಲಾಸಿನೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು "ನಮಸ್ತೇ ಸಾರ್" ಅಂದರು. ನಲವತ್ತು ದಾಟಿದ ಮನುಷ್ಯ, ಇನ್‌ಶರ್ಟ್ ಮಾಡಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದರೆ ಅವರಾದರೂ ಏನು ಮಾಡಿಯಾರು. ನಾನೂ ಅಭ್ಯಾಸಬಲದಿಂದ "ಕೂತ್ಕೊಳ್ಳಿ" ಎಂದುಬಿಟ್ಟೆ. ಅವರು ಕೂತರು. ನಾನು ಬೋರ್ಡಿನ ಕಡೆ ಹೋಗದೆ ಕೊನೆಯ ಬೆಂಚಿಗೆ ಹೋಗಿ ಕೂತೆ. ಒಬ್ಬ ಕಿಸಕ್ಕನೆ ನಕ್ಕ, ಆಮೇಲೆ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ನಗದೆ ಇನ್ನೇನು ಮಾಡಬೇಕಿತ್ತು?

ನನ್ನ ಹೆಸರು ಸಿದ್ದಲಿಂಗೇಶ್. ಊರು ಅಜ್ಜಂಪುರ. ಚೌಳಹಿರಿಯೂರಿನ ಒಂದು ಸಣ್ಣ ಖಾಸಗಿ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಹಳದಿ ವ್ಯಾನುಗಳು ಬಂದು ನಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಕಡೂರಿನ ಕಾನ್ವೆಂಟುಗಳಿಗೆ ಹೊತ್ತುಕೊಂಡು ಹೋದವು. ಕೊನೆಗೆ ಶಾಲೆಗೆ ಬೀಗ ಬಿತ್ತು. ಸರ್ಕಾರಿ ಕೆಲಸದ ವಯಸ್ಸು ಯಾವತ್ತೋ ದಾಟಿತ್ತು. ಯೋಚನೆ ಮಾಡಿದೆ. ಪಂಚನಹಳ್ಳಿಯಿಂದ ಅಜ್ಜಂಪುರದವರೆಗೆ ಎಲ್ಲಿ ನೋಡಿದರೂ ಬೋರ್‌ವೆಲ್ಲು, ಮೋಟರು, ಸ್ಟಾರ್ಟರು. ಮೇಷ್ಟ್ರು ಬೇಕು ಅಂತ ಯಾರೂ ಫೋನ್ ಮಾಡುವುದಿಲ್ಲ. ಎಲೆಕ್ಟ್ರಿಷಿಯನ್ ಬರುವುದು ಸ್ವಲ್ಪ ತಡವಾದರೆ ಹತ್ತು ಸಲ ಮಾಡುತ್ತಾರೆ. ಕಡೂರಿನ ಒಂದು ಖಾಸಗಿ ಐಟಿಐನಲ್ಲಿ ವಯಸ್ಸು ಕೇಳದೆ ಸೀಟು ಕೊಟ್ಟರು. "ಹೋಗಿ ಕಲೀರಿ. ಮನೇಲಿ ಕೂತು ನನಗೆ ವ್ಯಾಕರಣ ಹೇಳೋ ಬದ್ಲು" ಅಂದಳು ನನ್ನ ಹೆಂಡತಿ ಯಶೋದಾ.

ಅಜ್ಜಂಪುರದಿಂದ ಬೀರೂರಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಕಡೂರು ಮುಟ್ಟುವಷ್ಟರಲ್ಲಿ ಬೆಳಗಿನ ಪಾಠ ಅರ್ಧ ಮುಗಿದಿರುತ್ತಿತ್ತು. ಅದಕ್ಕೇ ಕಡೂರಿನಲ್ಲಿ ಕಾಶಮ್ಮ ಎನ್ನುವ ವಯಸ್ಸಾದ ಹೆಂಗಸಿನ ಮನೆಯಲ್ಲಿ ಒಂದು ರೂಮು ಹಿಡಿದೆ. ಶನಿವಾರ ಊರಿಗೆ, ಸೋಮವಾರ ವಾಪಸ್ಸು. ಮಿಕ್ಕ ದಿನಗಳಲ್ಲಿ ನಾನು, ಒಂದು ಸ್ಟೋವು, ಗೋಡೆ.

ಒಂಟಿತನ ಅಂದರೆ ರೂಮಿನದಲ್ಲ. ರೂಮಿನಲ್ಲಿ ಯಾರೂ ಇರುವುದಿಲ್ಲ ಎಂದು ಮೊದಲೇ ಗೊತ್ತಿರುತ್ತದೆ. ನನಗೆ ತಡೆಯಲಾಗದೆ ಇದ್ದದ್ದು ಮಧ್ಯಾಹ್ನದ ಊಟದ ಹೊತ್ತು. ಹುಡುಗರು ವರ್ಕ್‌ಶಾಪಿನ ಹಿಂದೆ ಹೊಂಗೆ ಮರದ ಕೆಳಗೆ ಸುತ್ತ ಕೂತು, ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ, ಬೈದಾಡಿಕೊಂಡು ತಿನ್ನುತ್ತಿದ್ದರು. ನಾನು ಹತ್ತಿರ ಹೋದರೆ ಮೊಬೈಲು ಜೇಬಿಗೆ ಹೋಗುತ್ತಿತ್ತು, ಮಾತು ನಿಲ್ಲುತ್ತಿತ್ತು, ಎಲ್ಲರೂ ಸರಿದು ಜಾಗ ಬಿಡುತ್ತಿದ್ದರು. ಹಾಗೆ ಬಿಟ್ಟ ಜಾಗದಲ್ಲಿ ಕೂತು ಊಟ ಮಾಡುವುದು ಬಹಳ ಕಷ್ಟ. ನಾಲ್ಕು ದಿನ ಕೂತೆ, ಆಮೇಲೆ ಸ್ಟೋರ್ ರೂಮಿನ ಮೆಟ್ಟಿಲ ಮೇಲೆ ಒಬ್ಬನೇ ತಿನ್ನತೊಡಗಿದೆ.

ಮೂರನೇ ವಾರ ನಮಗೆ ಹೊಸ ಇನ್‌ಸ್ಟ್ರಕ್ಟರ್ ಬಂದರು. ಬಂದವಳು ಸಂಘಮಿತ್ರಾ. ಬಾಗಿಲಲ್ಲೇ ನನ್ನನ್ನು ನೋಡಿ ಹಾಗೇ ನಿಂತಳು.

ಚೌಳಹಿರಿಯೂರಿನಲ್ಲಿ ನಾಲ್ಕನೇ ಕ್ಲಾಸು ನನ್ನ ಹತ್ತಿರ ಓದಿದವಳು. ಆಗ ಎರಡು ಜಡೆ, ಸದಾ ಸುರಿಯುವ ಮೂಗು. ಹಾಜರಿ ಕರೆದರೆ "ಆಜರ್ ಸಾರ್" ಅನ್ನುತ್ತಿದ್ದಳು. ನಮ್ಮ ಕಡೆ ಹಾಲು ಆಲಾಗುವುದು, ಹಳ್ಳಿ ಅಳ್ಳಿಯಾಗುವುದು ಹೊಸದೇನಲ್ಲ. ಆದರೆ ನನಗೆ ಹೊಸ ಮೇಷ್ಟ್ರ ಹುರುಪು. ಎಲ್ಲರ ಮುಂದೆ ನಿಲ್ಲಿಸಿ, 'ಹ' ಬರುವವರೆಗೂ "ಹಾಜರ್, ಹಾಜರ್" ಎಂದು ಹೇಳಿಸಿದ್ದೆ. ಕೊನೆಗೆ ಬಂತು.

ಅವಳು ಬೆಂಚುಗಳ ನಡುವೆ ಸೀದಾ ನಡೆದು ಬಂದು, ಅಷ್ಟು ಹುಡುಗರ ಮುಂದೆ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಇವ್ರು ನನ್ನ ಮೇಷ್ಟ್ರು. ಇವ್ರ ಹತ್ರ ಯಾರಾದ್ರೂ ತರ್ಲೆ ಮಾಡಿದ್ರೆ ಸುಮ್ನಿರಲ್ಲ" ಎಂದಳು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ನನ್ನ ಓದು ಅಲ್ಲಿಗೆ ಮುಗಿಯಿತು ಎಂದು ಆಗ ಹೊಳೆಯಲಿಲ್ಲ.

ಅವಳು ದಿನಾ ಹಾಜರಿ ಕರೆಯುತ್ತಿದ್ದಳು. ಮೋಹನ್? ಎಸ್ ಮೇಡಂ. ರಂಗಪ್ಪ? ಎಸ್ ಮೇಡಂ. ನನ್ನ ಸರದಿ ಬಂದರೆ ಹೆಸರು ಕರೆಯದೆ ತಲೆ ಎತ್ತಿ ನೋಡಿ, "ಸಾರ್ ಬಂದಿದಾರೆ" ಎಂದು ತನಗೆ ತಾನೇ ಹೇಳಿಕೊಂಡು ಗುರುತು ಹಾಕುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹೆಸರು ಸುರೇಶ. ನಾನು ಅವಳನ್ನು ಮೇಡಂ ಅನ್ನುವುದು, ಅವಳು ನನ್ನನ್ನು ಸಾರ್ ಅನ್ನುವುದು. ಈ ಮೇಡಂ-ಸಾರ್ ಆಟವನ್ನು ಮೋಹನ್ ಹಿಂದಿನಿಂದ ಅಣಕಿಸುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಮೇಷ್ಟ್ರ ಕಿವಿ, ಎಷ್ಟಾದರೂ.

ವರ್ಕ್‌ಶಾಪಿನಲ್ಲಿ ಅವಳ ಬಾಯಿ ಜೋರು. "ಲೇ ಸುರೇಶ, ಕಣ್ಣು ಎಲ್ಲಿಟ್ಟಿದೀಯೋ? ತಂತಿ ಸುಲಿಯೋದಾ ಇದು, ಕಬ್ಬು ಸುಲಿಯೋದಾ? ಬಿಚ್ಚು, ಮತ್ತೆ ಮಾಡು." ಸುರೇಶ ಹಲ್ಲು ಕಿರಿದುಕೊಂಡು ಬಿಚ್ಚುತ್ತಿದ್ದ, ಮತ್ತೆ ಮಾಡುತ್ತಿದ್ದ, ಕಲಿಯುತ್ತಿದ್ದ. ನನ್ನ ಬೋರ್ಡಿನ ಹತ್ತಿರ ಬರುವಾಗ ಅದೇ ಗಂಟಲು ಮೆತ್ತಗಾಗಿಬಿಡುತ್ತಿತ್ತು. ಸ್ವಿಚ್ ಒತ್ತುತ್ತಿದ್ದಳು, ಬಲ್ಬು ಹತ್ತುತ್ತಿತ್ತು. "ಚೆನ್ನಾಗಿದೆ ಸಾರ್." ಮುಂದಕ್ಕೆ ಹೋಗುತ್ತಿದ್ದಳು. ನಾನು ಆ ಹುಡುಗನಿಗೆ ಬೀಳುತ್ತಿದ್ದ ಬೈಗುಳ ಕೇಳಿ ಹೊಟ್ಟೆಕಿಚ್ಚು ಪಟ್ಟೆ ಅಂದರೆ ನಂಬುತ್ತೀರೋ ಇಲ್ಲವೋ.

ಸಂಜೆ ಗೇಟಿನ ಹತ್ತಿರ ಅವಳು ಸ್ಕೂಟಿ ನಿಲ್ಲಿಸಿ "ಬರ್ತೀನಿ ಸಾರ್" ಅನ್ನುತ್ತಿದ್ದಳು. ಇಡೀ ದಿನದಲ್ಲಿ ನನಗೆಂದೇ ಯಾರಾದರೂ ಆಡುತ್ತಿದ್ದ ಮಾತು ಅದೊಂದೇ. ಅದಕ್ಕೋಸ್ಕರ ನಾನು ಚಪ್ಪಲಿಯ ಧೂಳು ಒದರುವ ನೆಪದಲ್ಲಿ ಅಲ್ಲೇ ನಿಂತಿರುತ್ತಿದ್ದೆ. ಯಶೋದಾ ಫೋನಿನಲ್ಲಿ "ಹೆಂಗೈತ್ರೀ ಅಲ್ಲಿ?" ಎಂದು ಕೇಳಿದರೆ, "ಬಹಳ ಮರ್ಯಾದೆ ಕೊಡ್ತಾರೆ ಕಣೇ" ಅನ್ನುತ್ತಿದ್ದೆ. ಅದು ನಿಜವೂ ಆಗಿತ್ತು.

ಹೀಗಿರುವಾಗ ಕಾಶಮ್ಮ ಒಂದು ದಿನ, "ಮೇಷ್ಟ್ರೇ, ಬಚ್ಚಲಿಗೊಂದು ಲೈಟ್ ಹಾಕ್ಕೊಡಿ. ಮನೇಲೇ ಎಲೆಕ್ಟ್ರಿಷಿಯನ್ ಇಟ್ಕೊಂಡು ಕತ್ತಲಲ್ಲಿ ಸ್ನಾನ ಮಾಡೋದಾ" ಅಂದರು. ನನ್ನನ್ನು ಎಲೆಕ್ಟ್ರಿಷಿಯನ್ ಎಂದ ಮೊದಲ ಮನುಷ್ಯರು. ಅಂಗಡಿಯಿಂದ ಹೋಲ್ಡರು, ಸ್ವಿಚ್ಚು, ತಂತಿ ತಂದೆ. ವರ್ಕ್‌ಶಾಪಿನಲ್ಲಿ ಹೇಗೆ ಮಾಡಿದ್ದೆನೋ ಹಾಗೆಯೇ ಮಾಡಿದೆ. ಸ್ವಿಚ್ ಒತ್ತಿದೆ, ಬಚ್ಚಲು ಬೆಳಗಿತು. ಕಾಶಮ್ಮ ಒಂದು ತಟ್ಟೆ ಒಗ್ಗರಣೆ ಅವಲಕ್ಕಿ ಕೊಟ್ಟರು. ಆವತ್ತು ತಿಂದ ಅವಲಕ್ಕಿಯಂಥದ್ದನ್ನು ನಾನು ಬಹಳ ದಿನದಿಂದ ತಿಂದಿರಲಿಲ್ಲ.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡುತ್ತಿದ್ದೆ. ಬಚ್ಚಲಲ್ಲಿ ಚೀರಿದ ಸದ್ದು, ಹಿಂದೆಯೇ ಧಡ್ ಎಂದು ಏನೋ ಬಿದ್ದದ್ದು. ಓಡಿದೆ. ಸ್ಟೂಲು ಮಗುಚಿತ್ತು, ಕಾಶಮ್ಮ ನೆಲದ ಮೇಲೆ. ಪಕ್ಕದಲ್ಲಿ ಒದ್ದೆ ಬಟ್ಟೆ. ಸ್ವಿಚ್ ಆರಿಸಿ, ಬಲ್ಬು ಬಿಚ್ಚಿ, ಹೋಲ್ಡರಿನ ಜೇಡರಬಲೆ ಒರೆಸಲು ಹೋಗಿದ್ದರಂತೆ. ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿದರು. ಜೀವ ಉಳಿದದ್ದೇ ದೊಡ್ಡದು.

"ಸ್ವಿಚ್ ಆರಿಸಿದ್ದೆ ಮೇಷ್ಟ್ರೇ" ಎಂದು ದಾರಿಯುದ್ದಕ್ಕೂ ಅಂದರು ಕಾಶಮ್ಮ. "ನೀವ್ ಮಾಡಿದ್ದು ತಪ್ಪಿರಲ್ಲ. ನನ್ನ ಗ್ರಾಚಾರ."

ಮನೆಗೆ ಬಂದು, ಅವರನ್ನು ಮಲಗಿಸಿ, ಟೆಸ್ಟರ್ ಹಿಡಿದು ಬಚ್ಚಲಿಗೆ ಹೋದೆ. ಸ್ವಿಚ್ ಆರಿಸಿದೆ. ಟೆಸ್ಟರಿನ ತುದಿಯನ್ನು ಹೋಲ್ಡರಿಗೆ ಮುಟ್ಟಿಸಿದೆ. ಅದರೊಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿಕೊಂಡಿತು. ಸ್ವಿಚ್ಚನ್ನು ಕರೆಂಟು ಬರುವ ತಂತಿಗೆ ಹಾಕಬೇಕು, ಫೇಸಿಗೆ. ನಾನು ವಾಪಸ್ಸು ಹೋಗುವ ತಂತಿಗೆ, ನ್ಯೂಟ್ರಲ್ಲಿಗೆ ಹಾಕಿದ್ದೆ. ಹಾಗೆ ಮಾಡಿದರೂ ಬಲ್ಬು ಹತ್ತುತ್ತದೆ, ಆರುತ್ತದೆ. ಆರಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಕಾದು ಕೂತಿರುತ್ತದೆ. ಮೇನ್ ಆಫ್ ಮಾಡಿ, ಪೂರ್ತಿ ಕಿತ್ತುಹಾಕಿದೆ.

ವರ್ಕ್‌ಶಾಪಿಗೆ ಹೋದಾಗ ಊಟದ ಹೊತ್ತು. ಸಂಘಮಿತ್ರಾ ಒಬ್ಬಳೇ ಇದ್ದಳು. ಕಾಶಮ್ಮನ ಸಂಗತಿ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನಾನು ಕೇಳುವ ಮೊದಲೇ ಅವಳು ಉತ್ತರ ಕೊಟ್ಟಳು.

"ನೋಡಿದ್ದೆ ಸಾರ್. ನ್ಯೂಟ್ರಲ್‌ಗೆ ಹಾಕ್ತಿದ್ರಿ."

"ನೋಡಿ ಸುಮ್ನಿದ್ಯಾ?"

"ಎಲ್ರ ಮುಂದೆ ನಿಮಗೆ ಹೆಂಗ್ ಹೇಳೋದು ಸಾರ್? ನೀವು ಮನೆಗೆ ಹೋದ್ಮೇಲೆ ನಾನೇ ಬಿಚ್ಚಿ ಸರಿ ಮಾಡಿಡ್ತಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಬುದ್ಧಿ ಇದೆಯೇನೇ ನಿನಗೆ? ಆಯಮ್ಮ ಸತ್ತಿದ್ರೆ ಏನ್ ಮಾಡ್ತಿದ್ದೆ?" ಎಂದು ಕೂಗಾಡಿದೆ. ಅವಳು ಕೈಕಟ್ಟಿ, ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಎಂದಳು. ಥೇಟ್ ನಾಲ್ಕನೇ ಕ್ಲಾಸಿನ ಹುಡುಗಿ. ಅದನ್ನು ನೋಡಿದಾಗ ನನ್ನ ಸಿಟ್ಟೆಲ್ಲ ಇಳಿದು, ಒಂದು ಥರದ ಭಯ ಬಂತು. ತಪ್ಪು ಮಾಡಿದವನು ನಾನು, ಬೈಯುತ್ತಿರುವವನೂ ನಾನೇ. ಹೀಗೇ ಹೋದರೆ ಎರಡು ವರ್ಷಕ್ಕೆ ನನ್ನ ಕೈಗೊಂದು ಸರ್ಟಿಫಿಕೇಟ್ ಬರುತ್ತದೆ, ನಾನು ಮನೆಮನೆಗೆ ಹೋಗಿ ಜನರನ್ನು ಕೊಲ್ಲುತ್ತೇನೆ.

ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತೆ. "ನನಗೆ ಬೈಯಮ್ಮ" ಎಂದೆ.

"ಆಗಲ್ಲ ಸಾರ್."

"ಸುರೇಶನಿಗೆ ಬೈತೀಯ."

"ಅವನು ಹುಡುಗ. ನೀವು ನನಗೆ ಅಕ್ಷರ ಕಲಿಸಿದೋರು. ನಿಮ್ಮನ್ನ ನೀನು ಅಂದ್ರೆ ನನ್ನ ನಾಲಿಗೆ ಏನಾಗ್ಬೇಕು?"

"ಆಜರ್ ಅಂತಿದ್ದೆ ನೀನು. ಎಲ್ರ ಮುಂದೆ ನಿಲ್ಲಿಸಿ ಹೇಳಿಸ್ದೆ. ನೆನಪೈತಾ?"

"ಅತ್ತಿದ್ದೆ ಸಾರ್ ಅವತ್ತು. ಮನೆಗೆ ಹೋಗೋವರೆಗೂ ಅಳ್ತಾನೇ ಇದ್ದೆ."

"ಕಲ್ತೆ ತಾನೇ?"

ಅವಳು ಸ್ಟೋರ್ ರೂಮಿನ ಕಡೆ ಹೊರಟುಹೋದಳು.

ಮಾರನೇ ಬೆಳಿಗ್ಗೆ ಹಾಜರಿ. ಮೋಹನ್? ಎಸ್ ಮೇಡಂ. ರಂಗಪ್ಪ? ಎಸ್ ಮೇಡಂ. ಆಮೇಲೆ ನಿಂತಳು. ತಲೆ ಎತ್ತಲಿಲ್ಲ. ಪೆನ್ನು ಹಿಡಿದ ಬೆರಳು ಬೆಳ್ಳಗಾಗಿತ್ತು.

"ಸಿದ್ದಲಿಂಗೇಶ್."

ಹುಡುಗರೆಲ್ಲ ಹಿಂದಕ್ಕೆ ತಿರುಗಿದರು. ಅಷ್ಟು ವರ್ಷ ಬೇರೆಯವರ ಹೆಸರು ಕರೆದವನು ನಾನು. ನನ್ನ ಹೆಸರನ್ನು ಯಾರಾದರೂ ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. ಎದ್ದು ನಿಂತೆ. 'ಹ'ಕ್ಕೆ ಉಸಿರು ಕೂಡಲಿಲ್ಲ.

"ಆಜರ್, ಮೇಡಂ."

ಹುಡುಗರು ನಕ್ಕರು. ಅವಳು ನಗಲಿಲ್ಲ. "ಹಾಜರ್" ಎಂದಳು. "ಸರಿಯಾಗಿ ಹೇಳು."

"ಹಾಜರ್ ಮೇಡಂ."

"ಕೂತ್ಕೋ. ಸುರೇಶ?"

ವರ್ಕ್‌ಶಾಪಿನಲ್ಲಿ ನನ್ನ ಬೋರ್ಡಿನ ಮುಂದೆ ನಿಂತು, ಸ್ವಿಚ್ ಒತ್ತದೆಯೇ ಕೇಳಿದಳು: "ಸ್ವಿಚ್ ಯಾವ ತಂತಿಗೆ?" ಫೇಸ್‌ಗೆ ಮೇಡಂ. "ನೀನು ಬಚ್ಚಲಲ್ಲಿ ಯಾವುದಕ್ಕೆ ಹಾಕಿದ್ದೆ?" ನ್ಯೂಟ್ರಲ್‌ಗೆ. "ಒಬ್ರ ಕೈ ಮುರ್ದಿದೀಯ. ಬಿಚ್ಚು. ಎಲ್ಲಾ ಬಿಚ್ಚು." ಬಿಚ್ಚಿದೆ. ಮತ್ತೆ ಮಾಡಿದೆ. ಮತ್ತೆ ಬಿಚ್ಚಿಸಿದಳು. ಮೋಹನ್ ಪಕ್ಕದಿಂದ ಕಟಿಂಗ್ ಪ್ಲೇಯರ್ ಚಾಚಿ, "ಇದ್ರಲ್ಲಿ ಸುಲೀರಿ ಅಂಕಲ್, ಅದು ಮೊಂಡಾಗೈತೆ" ಎಂದ. ಸಾರ್‌ನಿಂದ ಅಂಕಲ್‌ಗೆ ಇಳಿದಿದ್ದೆ. ಅದನ್ನು ನಾನು ಬಡ್ತಿ ಎಂದೇ ಲೆಕ್ಕ ಹಾಕಿದೆ. ನಾಲ್ಕನೇ ಸಲಕ್ಕೆ ಅವಳು ಸ್ವಿಚ್ ಆರಿಸಿ ಹೋಲ್ಡರಿಗೆ ಟೆಸ್ಟರ್ ಇಟ್ಟು ನೋಡಿದಳು. ಟೆಸ್ಟರಿನ ದೀಪ ಹೊತ್ತಲಿಲ್ಲ. "ಹೂಂ" ಎಂದು ಮುಂದಕ್ಕೆ ಹೋದಳು.

ಸಂಜೆ ಗೇಟಿನ ಹತ್ತಿರ ನಿಂತು ಚಪ್ಪಲಿಯ ಧೂಳು ಒದರಿದೆ. ಅವಳ ಸ್ಕೂಟಿ ಬಂತು. ನನ್ನ ಹತ್ತಿರ ಸ್ವಲ್ಪ ನಿಧಾನವಾಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಅವಳು ಎದುರಿನ ರಸ್ತೆಯನ್ನೇ ನೋಡಿಕೊಂಡು ಹೊರಟುಹೋದಳು. ಅದೇ ಸರಿ. ಮೇಡಂ ಆದವರು ಕಲಿಯುವವನಿಗೆ ಹೇಳಿ ಹೋಗುವುದಿಲ್ಲ, ಮೇಷ್ಟ್ರಾಗಿದ್ದಾಗ ನಾನೂ ಯಾವತ್ತೂ ಹೇಳಿ ಹೋಗಿರಲಿಲ್ಲ. ಆದರೂ ಧೂಳಿಲ್ಲದ ಚಪ್ಪಲಿಯನ್ನು ಇನ್ನೊಂದು ಸ್ವಲ್ಪ ಹೊತ್ತು ಒದರುತ್ತ ನಿಂತಿದ್ದೆ.