ಕಿಟ್ಟ ಶೆಟ್ಟರ ಡೈನೋಸಾರ್ ಉಸಿರು ಬಿಟ್ಟದ್ದು

ಮದುವೆಯಾದಾಗಿನಿಂದ ಮುಂಬೈಯಲ್ಲೇ ಹೋಟೆಲು ನಡೆಸಿಕೊಂಡಿದ್ದ ನನ್ನ ಗಂಡ ಕಿಟ್ಟ ಶೆಟ್ಟರು ಕಳೆದ ವರ್ಷ ಊರಿಗೆ ಬಂದರು. ಇನ್ನು ಇಲ್ಲೇ ಎಂದು ಕಂಡವರಿಗೆಲ್ಲ ಹೇಳಿದರು. ಆದರೆ ತಂದ ಕಂದು ಬಣ್ಣದ ರೆಕ್ಸಿನ್ ಬ್ಯಾಗನ್ನು ಮಾತ್ರ ಖಾಲಿ ಮಾಡಲಿಲ್ಲ. ಅದು ಕಪಾಟಿನ ನೆತ್ತಿಯ ಮೇಲೆ ಕುಳಿತಿತ್ತು. ಬೇಕಾದ ಅಂಗಿಯನ್ನು ಅದರಿಂದ ಎಳೆದು ಹಾಕಿಕೊಳ್ಳುವುದು, ಒಗೆದು ಮಡಚಿದ್ದನ್ನು ಮತ್ತೆ ಅದಕ್ಕೇ ತುರುಕುವುದು. ಅವರಿಗೆಂದು ನಾನು ಖಾಲಿ ಮಾಡಿಕೊಟ್ಟ ಕಪಾಟಿನ ಅರೆಯಲ್ಲಿ ಜಿರಲೆಗಳು ಸಂಸಾರ ಹೂಡಿದವು. ಇಷ್ಟು ವರ್ಷ ನಮಗಿಲ್ಲದ ಭಾಗ್ಯ ಅವಕ್ಕೆ ಸಿಕ್ಕಿತಲ್ಲ ಎಂದು ನನಗೆ ಹೊಟ್ಟೆಯುರಿ.

ತಲ್ಲೂರಿನಲ್ಲಿ ಹೆದ್ದಾರಿ ಬದಿಗೆ ಹೋಟೆಲು ತೆರೆದರು. ಘೀ ರೋಸ್ಟ್ ಚೆನ್ನಾಗಿತ್ತು, ನೀರುದೋಸೆ ಇನ್ನೂ ಚೆನ್ನಾಗಿತ್ತು. ಕಾರುಗಳು ಮಾತ್ರ ಬೈಂದೂರಿನ ಕಡೆ ಮುಖ ಮಾಡಿ ಹಾರಿಹೋಗುತ್ತಿದ್ದವು. ಹಿಂದಿನ ಸೀಟಿನ ಮಕ್ಕಳು ಕೂಗದೆ ಯಾವ ಕಾರೂ ನಿಲ್ಲುವುದಿಲ್ಲ ಎಂದು ಶೆಟ್ಟರು ಕಂಡುಹಿಡಿದರು. ಮಕ್ಕಳು ಕೂಗಬೇಕಾದರೆ ಹೋಟೆಲಿನ ಮುಂದೆ ಉಸಿರಾಡುವ ಡೈನೋಸಾರ್ ನಿಲ್ಲಬೇಕಂತೆ.

"ಇದೂ ಆಯ್ಲಿಲ್ಲ ಅಂದ್ರೆ ಚೌತಿ ಕಳ್ದ್ ಕೂಡ್ಲೆ ಮುಂಬೈಗೆ ಹೋಪುದೆ," ಎಂದರು. ಹೇಳುವಾಗ ಅವರ ಕಣ್ಣು ಕಪಾಟಿನ ಮೇಲೆ ಹೋಯಿತು. ನನ್ನದೂ ಹೋಯಿತು. ಅಂದಿನಿಂದ ಆ ಡೈನೋಸಾರ್ ಬಗ್ಗೆ ಅವರಿಗಿಂತ ಹೆಚ್ಚು ಚಿಂತೆ ನನಗೇ.

ಕೆಲಸ ವಹಿಸಿಕೊಂಡವನು ಕೋಡಿಯ ಸೋಮ. ಫೈಬರ್ ದೋಣಿ ಮಾಡುವುದರಲ್ಲಿ ಗಟ್ಟಿಗ.

"ಶೆಟ್ರೆ, ಡೈನೋಸಾರ್ ನಾ ಕಂಡಿಲ್ಲೆ. ಆದ್ರೆ ಮುಳ್ಗದಾಂಗೆ ಮಾಡಿ ಕೊಡ್ತೆ," ಎಂದ.

ಕೊಟ್ಟ ಮಾತಿನಂತೆ ಮಾಡಿದ. ಒಂದು ದೋಣಿಯನ್ನು ನೆಟ್ಟಗಿಟ್ಟು, ಅದರ ಮೇಲೆ ಇನ್ನೊಂದನ್ನು ಕವುಚಿ, ನಡುವೆ ಸುತ್ತಲೂ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ರೆಕ್ಸಿನ್ ಪಟ್ಟಿ ಕೂರಿಸಿದ. ಮೇಲಿನ ದೋಣಿಗೆ ಮುಂದಕ್ಕೆ ಉದ್ದ ಕೊರಳು, ಕೆಳಗಿನದಕ್ಕೆ ಹಿಂದೆ ಬಾಲ, ಕೆಳಗೆ ನಾಲ್ಕು ಕಂಬದಂಥ ಕಾಲು. ಬಾಯೊಳಗೆ ಗಾಳಿ ಊದುವ ಬ್ಲೋವರ್. ಸ್ವಿಚ್ಚು ಹಾಕಿದರೆ ಮೇಲಿನ ದೋಣಿ ಏಳಬೇಕು, ಆರಿಸಿದರೆ ಇಳಿಯಬೇಕು. ಅದೇ ಉಸಿರಾಟ.

ಮೊದಲ ಪರೀಕ್ಷೆಯಲ್ಲಿ ಎದ್ದಿತು. ಆರಿಸಿದರೆ ಇಳಿಯಲಿಲ್ಲ. ವಾಯು ಕಟ್ಟಿದ ದನದ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತೇ ಇತ್ತು. ಬ್ಲೋವರ್ ಬಾಯಿಗೆ, ಊದಿದ ಗಾಳಿ ತಿರುಗಿ ಬರದಂತೆ ಒಂದು ಮುಚ್ಚಳವಂತೆ. ಉಳಿದ ಕಡೆಯೆಲ್ಲ ಸೋಮ ಬಿಗಿ ಮಾಡಿದ್ದ.

"ಕಂಡ್ರ್ಯಾ ಶೆಟ್ರೆ, ಒಂದ್ ಚೂರೂ ಗಾಳಿ ಹೋತಿಲ್ಲೆ!" ಎಂದು ಅವನು ಎದೆಯುಬ್ಬಿಸಿದ. ಆವತ್ತು ಎದೆ ಉಬ್ಬಿಸಿ ಇಳಿಸಿದವನು ಅವನೊಬ್ಬನೇ.

ಕೊನೆಗೆ ಏಣಿ ಹತ್ತಿ, ಬಾಯಿಯ ಬ್ಲೋವರ್ ಬಿಚ್ಚಿ ಗಾಳಿ ತೆಗೆದದ್ದಾಯಿತು. ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ತೃಷಾ ಇದನ್ನೆಲ್ಲ ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪಯ್ಯ, ಗಾಳಿ ಒಳಗ್ ಹೋರೆ ಸಾಕಾ? ಹೊರಗ್ ಬಪ್ಪುದ್ ಬ್ಯಾಡ್ದಾ? ನಾಳೆ ಅಜ್ಜಿ ಕೋಳಿ ಸಾರ್ ಮಾಡ್ತ್ರಲ್ಲ, ಆಗ ಬನ್ನಿ. ಡೈನೋಸಾರ್ ಉಸ್ರಾಟ ತೋರಿಸ್ತೆ."

ಮರುದಿನ ನನ್ನ ಅತ್ತೆ ಅಮ್ಮಣ್ಣಿಯವರು ಊರಕೋಳಿಯ ಪುಕ್ಕ ತೆಗೆದು, ಸುಟ್ಟು, ಅರಸಿನ ಸವರಿ ಇಟ್ಟಿದ್ದರು. ಹೊಟ್ಟೆ ಇನ್ನೂ ಸೀಳಿರಲಿಲ್ಲ. ತೃಷಾ ಅದರ ರೆಕ್ಕೆಯ ಮೇಲಿನ ಎಲುಬನ್ನು ನಡುವೆ ಕತ್ತರಿಸಿ, ಆ ತುದಿಯನ್ನು ಪಾತ್ರೆಯ ನೀರಿಗೆ ಮುಳುಗಿಸಿದಳು. ಪಪ್ಪಾಯಿ ಎಲೆಯ ಪೊಳ್ಳು ದಂಟನ್ನು ಕೋಳಿಯ ಗಂಟಲ ಕೊಳವೆಗೆ ತೂರಿಸಿ ಊದಿದಳು. ಕೋಳಿಯ ಹೊಟ್ಟೆ ಉಬ್ಬಿತು. ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದಿತು. ಗಂಟಲಲ್ಲಿ ಊದಿದ ಗಾಳಿ ರೆಕ್ಕೆಯ ಎಲುಬಿನಿಂದ ಹೊರಬರುತ್ತಿತ್ತು.

"ಅಯ್ಯೋ ದೇವ್ರೆ, ಸುಟ್ಟ್ ಕೋಳಿಗೆ ಜೀವ ಬಂತ್!" ಎಂದು ಅತ್ತೆ ಬಾಗಿಲಿಗೆ ಹಾರಿದರು.

ತೃಷಾ ವಿವರಿಸಿದಳು. ನಮ್ಮ ಶ್ವಾಸಕೋಶ ತಾನೇ ಉಬ್ಬಿ ತಾನೇ ಕುಗ್ಗುತ್ತದೆ. ಹಕ್ಕಿಯದು ಪಕ್ಕೆಲುಬಿಗೆ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತದೆ. ಅದರ ಹಿಂದೆ ಮುಂದೆ ತೆಳ್ಳನೆಯ ಗಾಳಿಚೀಲಗಳಿವೆ. ಉಬ್ಬಿ ಕುಗ್ಗಿ ಗಾಳಿ ತಳ್ಳುವ ಕೆಲಸ ಅವುಗಳದು. ಹಾಗಾಗಿ ಉಸಿರು ಎಳೆದರೂ ಬಿಟ್ಟರೂ ಶ್ವಾಸಕೋಶದೊಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಆ ಚೀಲಗಳು ಎಲುಬಿನೊಳಗೂ ನುಗ್ಗಿ ಅದನ್ನು ಪೊಳ್ಳು ಮಾಡುತ್ತವೆ. ಉದ್ದ ಕೊರಳಿನ ಡೈನೋಸಾರ್‌ಗಳ ಬೆನ್ನೆಲುಬಿನಲ್ಲೂ ಅಂಥದೇ ಪೊಳ್ಳು ಗುರುತು ಸಿಕ್ಕಿದೆಯಂತೆ. ಅದನ್ನು ಕಂಡೇ, ಅವೂ ಹಕ್ಕಿಯ ಹಾಗೆ ಉಸಿರಾಡಿರಬೇಕು ಎನ್ನುತ್ತಾರಂತೆ.

ಗಂಡ ಬಾಯಿ ಬಿಟ್ಟುಕೊಂಡು ಕೇಳಿದರು. ಅತ್ತೆಯ ತಲೆಯಲ್ಲಿ ಬೇರೆಯೇ ಶಾಸ್ತ್ರ ಓಡುತ್ತಿತ್ತು.

"ಬಾಯಂಗೆ ಊದ್ದ್ ಕೋಳಿ! ಪೂರಾ ಎಂಜಲ್ ಮಾಡ್ದಿಯಲ್ಲೆ ಹೆಣೆ. ನಂಗ್ ಬ್ಯಾಡ."

ಮಧ್ಯಾಹ್ನ ಸಾರು ಕುದಿದು ಪರಿಮಳ ಚಾವಡಿಗೆ ಬಂದಾಗ ಅವರ ಶಾಸ್ತ್ರ ಸ್ವಲ್ಪ ಸಡಿಲವಾಯಿತು. "ಕಾಲ್ ಬದಿಗೆ ನಿನ್ ಗಾಳಿ ಹೋಯ್ಲಿಲ್ಲ ಅಲ್ದಾ?" ಎಂದು ಮೊಮ್ಮಗಳನ್ನು ಕೇಳಿದರು. ಕೋಳಿಯ ಕಾಲಿನ ಎಲುಬಿಗೆ ಗಾಳಿಚೀಲ ಹೋಗುವುದಿಲ್ಲ ಎಂದು ತೃಷಾ ಪ್ರಮಾಣ ಮಾಡಿದ ಮೇಲೆ ಎರಡೂ ಕಾಲನ್ನು ಬಡಿಸಿಕೊಂಡರು.

ಸೋಮನಿಗೆ ವಿಷಯ ತಿಳಿಸಿ, ಬೆನ್ನಿಗೊಂದು ತೂತು ಕೊರೆ ಎಂದು ನಾನು ಹೇಳಿದರೆ ಅವನ ಮುಖ ಕಪ್ಪಿಟ್ಟಿತು.

"ಆತಿಲ್ಲೆ ಅಕ್ಕ. ನನ್ ಅಪ್ಪ ಹಲ್ಗಿ ದೋಣಿ ಮಾಡ್ತಿದ್ದ, ನಾ ಫೈಬರ್ ದೋಣಿ ಮಾಡ್ತೆ. ದೋಣಿ ಮೈಗೆ ಒಟ್ಟೆ ಕೊರುದ್ ಕೈ ಅಲ್ಲ ಇದ್."

"ಇದ್ ದೋಣಿ ಅಲ್ಲ ಮಾರಾಯ, ಡೈನೋಸಾರ್!"

"ಹೊರಗಿಂದ ಡೈನೋಸಾರ್. ಒಳಗ್ ದೋಣಿಯೇ ಅಲ್ದಾ?"

ಗಂಡನೂ ಅವನ ಪಕ್ಷವೇ ಹಿಡಿದರು. ತೂತು ಬೇಡ, ಸ್ವಲ್ಪ ಉಬ್ಬಿದ ಕೂಡಲೇ ಸ್ವಿಚ್ಚು ಆರಿಸಿದರಾಯಿತು, ಬಂದವರು ಕೂತು ಉಸಿರು ಎಣಿಸುತ್ತಾರೆಯೇ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಇವರ ಹಟಕ್ಕೆ ಚೌತಿ ಕಳೆದು ರೈಲು ನಿಲ್ದಾಣದಲ್ಲಿ ಕೈಬೀಸುವವಳು ನಾನು.

ಉದ್ಘಾಟನೆ ಭಾನುವಾರ ಬೆಳಿಗ್ಗೆ. ಅತ್ತೆ ಡೈನೋಸಾರಿನ ಕಾಲ್ಬೆರಳಿಗೆ ಕುಂಕುಮ ಹಚ್ಚಿ ಕಾಯಿ ಒಡೆಸಿದರು. ಬ್ರಹ್ಮಾವರದ ಕಡೆಯಿಂದ ಒಂದು ಶಾಲೆಯ ಮಕ್ಕಳ ಬಸ್ಸೂ ಬಂದಿತ್ತು. ಶೆಟ್ಟರು ಸ್ವಿಚ್ಚು ಹಾಕಿದರು. ಮೇಲಿನ ದೋಣಿ ಮೆಲ್ಲನೆ ಎದ್ದಿತು, ಕೊರಳು ನೆಟ್ಟಗಾಯಿತು. ಮಕ್ಕಳು ಹೋ ಎಂದು ಕಿರುಚಿದರು. ಆ ಕೂಗು ಕೇಳಿದ್ದೇ ಶೆಟ್ಟರು ಮೈಮರೆತು, ಸ್ವಿಚ್ಚು ಬಿಟ್ಟು, ಚಪ್ಪಾಳೆ ತಟ್ಟತೊಡಗಿದರು.

ಡೈನೋಸಾರ್ ಉಬ್ಬಿತು. ಮತ್ತೂ ಉಬ್ಬಿತು. ಪಟ್ಟಿಯ ಮಡಿಕೆಗಳೆಲ್ಲ ಬಿಚ್ಚಿಕೊಂಡು ಹೊಲಿಗೆ ಕಿರ್ರೆಂದಿತು. ತಲೆ ಮೇಲಕ್ಕೆ ಹೋಗಿ ಸ್ವಾಗತದ ಬ್ಯಾನರನ್ನು ಹರಿದುಕೊಂಡು ನಿಂತಿತು. ನಾನು ಓಡಿ ಸ್ವಿಚ್ಚು ಆರಿಸಿದೆ. ಇಳಿಯಲಿಲ್ಲ. ಬ್ಲೋವರ್ ಬಿಚ್ಚೋಣವೆಂದರೆ ಬಾಯಿ ಏಣಿಗೂ ಸಿಗದಷ್ಟು ಎತ್ತರದಲ್ಲಿತ್ತು. ಪಕ್ಕದಲ್ಲಿ ಹೊರಗಿನ ಹೊಲಿಗೆ ಅಂಗೈಯಷ್ಟು ಬಿಟ್ಟುಕೊಂಡಿತು, ಒಳಗಿನ ಹೊಲಿಗೆಯೊಂದೇ ಗಾಳಿ ಹಿಡಿದಿತ್ತು. ಇನ್ನು ಇದು ಮಕ್ಕಳ ಮುಂದೆ ಸಿಡಿಯುತ್ತದೆ, ಹೋಟೆಲಿನ ಮಾನವೂ ಅದರೊಟ್ಟಿಗೆ ಹಾರಿಹೋಗುತ್ತದೆ ಎಂದುಕೊಂಡೆ. ಸೋಮ ಕಂಬದ ಹಾಗೆ ನಿಂತಿದ್ದ. ಅವನ ಅಂಗಿ ಹಿಡಿದು ಅಲುಗಿಸಿದೆ.

"ಹ್ವಾಯ್ ಸೋಮ! ದೋಣಿ ಒಳಗ್ ನೀರ್ ತುಂಬ್ರೆ ಎಂತ ಮಾಡ್ತೆ ನೀನ್?"

"ದಡಕ್ಕೆ ಎಳ್ದ್, ಹಿಂದಿನ ಬೂಚ್ ತೆಗಿತೆ," ಎಂದ. ಹೇಳಿದವನ ಕಣ್ಣು ದೊಡ್ಡದಾಯಿತು.

ಬಾಲದ ಬುಡಕ್ಕೆ ಓಡಿ, ಚಾಕುವಿನಿಂದ ಹಸಿರು ಬಣ್ಣ ಕೆರೆದ. ಕೆಳಗಿನ ದೋಣಿಯ ಹಿಂಬದಿ, ತಳದಲ್ಲಿ, ನೀರು ಬಸಿಯುವ ಬೂಚು ಇತ್ತು. ಅಭ್ಯಾಸಬಲದಿಂದ ಇಟ್ಟಿದ್ದ, ಬಣ್ಣ ಬಳಿದು ಮರೆತಿದ್ದ. ಎರಡೂ ಕೈಯಲ್ಲಿ ಹಿಡಿದು ಕಿತ್ತ.

ಹೊರಟ ಸದ್ದನ್ನು ಮರ್ಯಾದಸ್ಥರು ಬರೆಯುವಂತಿಲ್ಲ. ಹೆದ್ದಾರಿಯ ಆಚೆ ಬದಿಗೂ ಅದು ಕೇಳಿಸಿತು. ಸೋಮನ ಟೊಪ್ಪಿ ತೆಂಗಿನಮರದ ಬುಡಕ್ಕೆ ಹಾರಿತು. ಡೈನೋಸಾರ್ ನಿಧಾನವಾಗಿ, ಬಹಳ ಸುಖವಾಗಿ, ತಗ್ಗಿತು. ಆಮೇಲೆ ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕರು.

"ಇನ್ನೊಂದ್ ಸಲ! ಇನ್ನೊಂದ್ ಸಲ!"

ಬೂಚು ಮತ್ತೆ ಜಡಿದು, ಹೊಲಿಗೆ ಬಿಟ್ಟ ಜಾಗವನ್ನು ಸೋಮ ಒತ್ತಿ ಹಿಡಿದ, ಶೆಟ್ಟರು ಇನ್ನೊಂದು ಸಲ ಮಾಡಿದರು. ಆಮೇಲೆ ಮತ್ತೊಂದು ಸಲ. ದಾರಿಯಲ್ಲಿ ಹೋಗುತ್ತಿದ್ದ ಕಾರೊಂದು ಮುಂದೆ ಹೋಗಿ, ಗಕ್ಕನೆ ನಿಂತು, ಹಿಂದೆ ಬಂತು. ಮಧ್ಯಾಹ್ನಕ್ಕೆ ನೀರುದೋಸೆಯ ಹಿಟ್ಟು ಮುಗಿಯಿತು.

ತೂತು ಬೇಡ ಎಂದವನು ನೀನೇ ತೂತು ಇಟ್ಟಿದ್ದೆಯಲ್ಲ ಎಂದು ಸೋಮನನ್ನು ಕೇಳಿದೆ. "ಅದ್ ಒಟ್ಟೆ ಅಲ್ಲ ಅಕ್ಕ, ಬೂಚ್," ಎಂದ, ನನಗೇ ತಿಳಿವಳಿಕೆ ಕಡಿಮೆ ಎಂಬಂತೆ.

ತೃಷಾಳ ಗೋಳೇ ಬೇರೆ. ಹಕ್ಕಿಯಾಗಲಿ ಡೈನೋಸಾರಾಗಲಿ ಗಾಳಿಯನ್ನು ಕೊನೆಗೆ ಮೂಗಿನಿಂದಲೇ ಬಿಡುವುದು. ಒಳಗಿನ ದಾರಿ ಸರಿ, ಹೊರಗಿನ ಬಾಗಿಲು ಪೂರಾ ತಪ್ಪು ಎಂದು ಮಕ್ಕಳಿಗೆ ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಮಕ್ಕಳು ತಲೆಯಾಡಿಸಿ, ಓಡಿಹೋಗಿ ಬಾಲದ ಹಿಂದೆ ನಿಂತರು.

ಸಂಜೆ ಮನೆಗೆ ಬಂದ ಶೆಟ್ಟರು ಕುರ್ಚಿ ಹಾಕಿ ಹತ್ತಿ, ಕಪಾಟಿನ ಮೇಲಿನ ಬ್ಯಾಗನ್ನು ಇಳಿಸಿದರು. ಇಷ್ಟಾದ ಮೇಲೂ ಹೊರಟರೇ?

"ಹ್ವಾಯ್, ಎಂತ ಮಾಡ್ತ್ರಿ?" ಎಂದೆ.

ಅವರು ಬ್ಯಾಗನ್ನು ಬುಡಮೇಲು ಮಾಡಿ ಅಂಗಿ, ಲುಂಗಿ, ಟವೆಲು ಎಲ್ಲವನ್ನೂ ಮಂಚದ ಮೇಲೆ ಸುರಿದರು. ಖಾಲಿ ಬ್ಯಾಗನ್ನು ಎರಡು ಕೈಯಲ್ಲಿ ಎಳೆದು ನೋಡಿದರು.

"ಹೊಲಿಗೆ ಬಿಟ್ಟಲ್ಲಿಗೆ ತ್ಯಾಪೆ ಹಾಕ್ಕ್. ಈ ರೆಕ್ಸಿನ್ ಗಟ್ಟಿ ಇತ್ತ್. ಕತ್ತರಿ ಎಲ್ಲಿತ್ತ್ ಕಾಣ್?"

ಕತ್ತರಿಯನ್ನು ಅವರ ಕೈಗೆ ಕೊಡಲಿಲ್ಲ. ನಾನೇ ಕೂತು ಕತ್ತರಿಸಿದೆ, ಹಿಡಿಕೆಯನ್ನೂ ಬಿಡದೆ.