ಒಂದೂ ಓಟು ಬೀಳದ ಹಾಡು

ಅಂದಾನೆಪ್ಪನ ಹಣೆಗೆ ಹೊಳೆಪ್ಪ ವಿಭೂತಿ ಬಳಿಯುವಾಗ ಒಂದಿಷ್ಟು ಹುಬ್ಬಿನ ಮೇಲೆ ಉದುರಿತು. ಒರೆಸಲೋ ಬೇಡವೋ ತಿಳಿಯದೆ ಕೈ ಹಿಂದಕ್ಕೆ ತೆಗೆದ. ಬನಹಟ್ಟಿಯ ಆ ಎರಡು ಕೋಣೆಯ ಮನೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣ, ಪಾಳಿ ಮುಗಿಸಿ ಬಂದು ಹಾಗೇ ನಿದ್ದೆ ಹೋದವನಂತೆ ಕಾಣುತ್ತಿತ್ತು. ನಿನ್ನೆ ಮಧ್ಯಾಹ್ನ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ನಲವತ್ತೇಳು ವರ್ಷ.

"ಎಷ್ಟೊತ್ತಿಗೆ ಎತ್ತೂದ್ರಿ?" ಹೊರಗೆ ಯಾರೋ ಕೇಳಿದರು.

"ಮಗಳು ಬೀಳಗಿಯಿಂದ ಹೊಂಟಾಳ. ಬರ್ಲಿ ತಡೀರಿ," ಎಂದ ಜ್ಞಾನೇಶ್ವರ. ಅವನು ಈಗ ಜಮಖಂಡಿಯಲ್ಲಿ ಮಾಸ್ತರ. ಅವನು, ಹೊಳೆಪ್ಪ, ಅಂದಾನೆಪ್ಪ ಮೂವರೂ ಹತ್ತನೆಯ ಇಯತ್ತೆಯವರೆಗೆ ಒಂದೇ ಬೆಂಚಿನವರು.

ಗಂಡನ ಪಕ್ಕದಲ್ಲಿ ಕೂತಿದ್ದ ಸತ್ಯವ್ವ ಮೆಲ್ಲಗೆ ಕರೆದಳು. "ಹೊಳೆಪ್ಪಣ್ಣಾರ, ನಿಮ್ಮ ಸಾಲಿ ಗ್ರೂಪಿನ್ಯಾಗ ಇವರು ಒಂದು ಹಾಡು ಹಾಕಿದ್ರಲ್ರಿ?"

•

ಎರಡು ತಿಂಗಳ ಹಿಂದಿನ ಮಾತು. ಹಳೆಯ ಗೆಳೆಯರೆಲ್ಲ ಸೇರುವ ದಿನಕ್ಕೆಂದು ಮೊಬೈಲ್ ಗ್ರೂಪಿನಲ್ಲಿ ತೊಂಬತ್ತರ ದಶಕದ ಹತ್ತು ಹಾಡು ಆರಿಸುವುದೆಂದಾಯಿತು. ಒಬ್ಬೊಬ್ಬರೂ ತಮ್ಮ ಇಷ್ಟದ ಹಾಡು ಹಾಕಿದರು. ಗ್ರೂಪಿನಲ್ಲಿ ಎಂದೂ ಏನೂ ಬರೆಯದ ಅಂದಾನೆಪ್ಪ ಆ ದಿನ ಒಂದು ಹಾಡು ಕಳಿಸಿ, ಕೆಳಗೆ ಬರೆದಿದ್ದ: 'ಕುಮಾರ ಆನಂದ, ೧೯೯೭. ಒಮ್ಮೆ ಕೇಳ್ರಿ.'

'ಯಾವನ್ಲೇ ಇಂವ ಕುಮಾರ ಆನಂದ? ಇವನ ಮನಿ ಮಂದಿಗಾದ್ರೂ ಗೊತ್ತದಾನೋ ಇಲ್ಲೋ?' ಎಂದು ಹೊಳೆಪ್ಪ ಬರೆದ. ಸಾಲು ಸಾಲು ನಗುವ ಮುಖಗಳು ಬಂದವು.

ಸಿನಿಮಾ ಹಾಡುಗಳು ಗೆದ್ದವು. ಕುಮಾರ ಆನಂದನಿಗೆ ಒಂದೂ ಓಟು ಬೀಳಲಿಲ್ಲ. ಅಂದಾನೆಪ್ಪ ತನ್ನ ಓಟನ್ನೂ ಹೊಳೆಪ್ಪನ ಹಾಡಿಗೇ ಕೊಟ್ಟು, 'ಛಲೋ ಐತಿ' ಎಂದಷ್ಟೇ ಬರೆದಿದ್ದ.

•

"ಅದನ್ನ ಹಾಡಿದವರು ಇವರ ರೀ," ಎಂದಳು ಸತ್ಯವ್ವ.

ಹೊಳೆಪ್ಪ ಅವಳ ಮುಖವನ್ನೇ ನೋಡಿದ.

ಹತ್ತೊಂಬತ್ತರ ವಯಸ್ಸಿನಲ್ಲಿ ಅಂದಾನೆಪ್ಪ, ಇಚಲಕರಂಜಿಗೆ ಮಗ್ಗದ ಸಾಮಾನು ತರಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಮಹಾಲಿಂಗಪುರದ ಆರ್ಕೆಸ್ಟ್ರಾದವರ ಜೊತೆ ಕೊಲ್ಹಾಪುರಕ್ಕೆ ಹೋಗಿ ಹಾಡಿ ಬಂದಿದ್ದನಂತೆ. ಅಂದಾನೆಪ್ಪ ಎಂಬ ಹೆಸರಿಗೆ ಕ್ಯಾಸೆಟ್ ಮಾರಾಟವಾಗುವುದಿಲ್ಲವೆಂದು ಅವರು ಬೇರೆ ಹೆಸರು ಅಚ್ಚು ಹಾಕಿಸಿದರು. ಹೆಸರು ಬದಲಿಸಿದರೂ ಕ್ಯಾಸೆಟ್ ಹೋಗಲಿಲ್ಲ. ನಾಲ್ಕು ಮಂದಿ ಮೆಚ್ಚಿದ ಮೇಲೆ ಗೆಳೆಯರಿಗೆ ಹೇಳಿದರಾಯಿತು ಎಂದುಕೊಂಡವನು ಇಪ್ಪತ್ತೆಂಟು ವರ್ಷ ಹೇಳಲೇ ಇಲ್ಲ. ಮಗ್ಗದ ಮುಂದೆ ನಿಂತು ಹಾಡುತ್ತಿದ್ದ. ಆ ಸದ್ದಿನಲ್ಲಿ, ಪಕ್ಕದಲ್ಲೇ ನೂಲಿನ ಕಂಡಿಕೆ ಸುತ್ತುತ್ತ ಕೂತ ಸತ್ಯವ್ವನನ್ನು ಬಿಟ್ಟು ಬೇರಾರಿಗೂ ಅದು ಕೇಳುತ್ತಿರಲಿಲ್ಲ.

"ಓಟು ಮುಗಿದ ದಿನ ಉಣ್ಣಲಿಲ್ರಿ. 'ನಲವತ್ತು ಮಂದಿ ಕೇಳ್ಯಾರ, ಒಬ್ಬರಿಗೂ ಸೇರಿಲ್ಲ. ನನ್ನ ದನಿನ ಛಲೋ ಇಲ್ಲ ಬಿಡು' ಅಂದ್ರು. ಇದ್ದೊಂದು ಕ್ಯಾಸೆಟ್ಟೂ ಒಲಿಗೆ ಹಾಕಿದ್ರು. ಅದರಿಂದ ಫೋನಿನ್ಯಾಗ ತುಂಬಿಸಿಕೊಂಡಿದ್ದನ್ನೂ ಅಳಿಸಿದ್ರು. ಮುಂದ ಹಾಡೂದ ಬಿಟ್ರು." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ಹಂತ್ಯಾಕ ಐತೆಲ್ರಿ? ಒಮ್ಮೆ ಹಚ್ರಿ ಅಣ್ಣಾರ. ಎತ್ತೂಕಿಂತ ಮೊದಲ ಅವರ ದನಿ ಕೇಳ್ತೀನಿ."

ಹೊಳೆಪ್ಪ ಹಾಡನ್ನು ಹುಡುಕಿದ. ಸಿಕ್ಕಿತು. ಅದರ ಪಕ್ಕದಲ್ಲಿ ಕೆಳಮುಖದ ಬಾಣ ಹಾಗೆಯೇ ಇತ್ತು. ಅವನು ಅದನ್ನು ತೆರೆದೇ ಇರಲಿಲ್ಲ. ನಕ್ಕಿದ್ದು ಬರೀ ಹೆಸರಿಗೆ. ಒತ್ತಿದ. ಸ್ವಲ್ಪ ಹೊತ್ತು ಚಕ್ರ ತಿರುಗಿ ಅಕ್ಷರ ಮೂಡಿತು: ಈ ಹಾಡು ಈಗ ಸಿಗುವುದಿಲ್ಲ, ಕಳಿಸಿದವರಿಗೆ ಮತ್ತೊಮ್ಮೆ ಕಳಿಸಲು ಹೇಳಿ.

ಗೋಡೆಗೆ ಒರಗಿದ ಗೆಳೆಯನತ್ತ ನೋಡಲಾಗದೆ ಹೊರಗೆ ಬಂದ.

"ಜ್ಞಾನ್ಯಾ, ಅಂದಾನಿ ಹಾಕಿದ್ದ ಹಾಡು ನಿನ್ನ ಫೋನಿನ್ಯಾಗ ಐತೇನು ನೋಡಲೇ."

ಜ್ಞಾನೇಶ್ವರ ನೋಡಿದ. "ನಾ ತೆಗದ ಇಲ್ಲಲೇ."

ಅಂಗಳದಲ್ಲಿದ್ದ ಹನ್ನೊಂದು ಮಂದಿ ಗೆಳೆಯರೂ ಫೋನ್ ಹೊರತೆಗೆದರು. ಯಾರೂ ತೆಗೆದಿರಲಿಲ್ಲ. ಜ್ಞಾನೇಶ್ವರ ಮುಧೋಳಕ್ಕೆ, ಚಿಮ್ಮಡಕ್ಕೆ, ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದ. "ಯಾವ ಹಾಡಲೇ?" ಎಂದೇ ಎಲ್ಲರೂ ಕೇಳಿದರು.

"ಯಾರೂ ಕೇಳೇ ಇಲ್ಲಲೇ," ಎಂದ ಹೊಳೆಪ್ಪ. "ನಲವತ್ತು ಮಂದಿ ಕೇಳ್ಯಾರ ಅಂತ ತಿಳದು ಹೋದ ಅಂವ."

"ಸೇರಲಿಲ್ಲ ಅಂತಲ್ಲ, ಕೇಳಿಲ್ಲ ಅಂತ ಹೇಳಿಬಿಡು," ಎಂದ ಜ್ಞಾನೇಶ್ವರ.

"ಯಾರಿಗೆ ಹೇಳ್ಲಿ?"

ಅಷ್ಟರಲ್ಲಿ ಓಣಿಯಲ್ಲಿ ಗಾಡಿ ನಿಂತಿತು. ಮಗಳು ಕಾವ್ಯ ಚೀರುತ್ತ ಒಳಗೆ ಓಡಿದಳು. ಹೆಂಗಸರ ಅಳು ಒಮ್ಮೆಲೇ ಏರಿತು, ಹಾಗೆಯೇ ಸಟ್ಟನೆ ನಿಂತುಹೋಯಿತು.

ಹೊಳೆಪ್ಪ ಬಾಗಿಲಿಗೆ ಬಂದ. ಸತ್ಯವ್ವ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, ಎಲ್ಲರಿಗೂ ಸುಮ್ಮನಿರಲು ಕೈಸನ್ನೆ ಮಾಡುತ್ತಿದ್ದಳು.

"ಅಳಬ್ಯಾಡ ಯವ್ವಾ. ಅಪ್ಪಾರು ಹಾಡ್ತಾರ, ಕೇಳು."

ಸದ್ದಿಲ್ಲದ ಆ ಕೋಣೆಯಲ್ಲಿ ಅವಳು ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಹೊಳೆಪ್ಪನ ಕೈಯ ಫೋನಿನ ಕಡೆ ತಲೆ ವಾಲಿಸಿ ಕೂತಳು.